ಸಂಡಿಗೆ ಕಾಯುವಾಗ ಕಂಡ ಹಕ್ಕಿ

ಮಾರ್ಚ್ ಬಂತೆಂದರೆ ರಾಯಚೂರಿನ ಮಾಳಿಗೆಗಳ ಮೇಲೆ ಹಳೇ ಸೀರೆ, ಪಂಚೆಗಳು ಹರಡಿಕೊಳ್ಳುತ್ತವೆ. ಹಪ್ಪಳ, ಸಂಡಿಗೆ, ಶಾವಿಗೆ. ಇಡೀ ವರ್ಷಕ್ಕಾಗುವಷ್ಟು ಬಿಸಿಲನ್ನು ಡಬ್ಬಿಯಲ್ಲಿ ತುಂಬಿಡುವ ಕೆಲಸ. ಒಣಹಾಕಿದ ಮೇಲೆ ಕಾಯೋರು ಯಾರು? ನಾವೇ ತಾನೇ! ಕೈಯಲ್ಲೊಂದು ಕೋಲು, ಪಕ್ಕದಲ್ಲಿ ತಂಬಿಗೆ ನೀರು, ಕಣ್ಣೆಲ್ಲ ಕಾಗೆ-ಗೊರವಂಕಗಳ ಮೇಲೆ. ಹಾಗೆ ನೋಡಿದರೆ ಪಕ್ಷಿವೀಕ್ಷಣೆ ಅನ್ನೋದು ನಮಗೇನೂ ಹೊಸದಲ್ಲ. ಇಷ್ಟು ವರ್ಷ ಓಡಿಸೋಕೆ ನೋಡ್ತಿದ್ವಿ, ಅಷ್ಟೇ ವ್ಯತ್ಯಾಸ.

ನನಗೆ ಈ ಹುಚ್ಚು ಹತ್ತಿದ್ದೂ ಸಂಡಿಗೆಯಿಂದಲೇ. ಮಾವನವರು ತೀರಿಕೊಂಡ ಮೇಲೆ ಅತ್ತೆ ನೀರಮಾನ್ವಿಯ ಮನೆಗೆ ಬೀಗ ಹಾಕಿ ನಮ್ಮ ಜೊತೆ ಇರಲು ಬಂದಿದ್ದರು. ಮಾತು ಕಮ್ಮಿ. ಊಟಕ್ಕೆ ಕರೆದರೆ ಬರೋರು, ಟಿವಿ ಹಚ್ಚಿದರೆ ನೋಡೋರು, ಮತ್ತೆ ಕಿಟಕಿ ಪಕ್ಕದ ಕುರ್ಚಿ. ಏನು ಮಾತಾಡಿಸಬೇಕೋ ನನಗೂ ತಿಳಿಯುತ್ತಿರಲಿಲ್ಲ. ಒಂದು ಬೆಳಿಗ್ಗೆ ಸಂಡಿಗೆ ಕಾಯಲು ಇಬ್ಬರೂ ಮಾಳಿಗೆ ಮೇಲಿದ್ದೆವು. ಎದುರಿನ ವೈರ್ ಮೇಲೆ ಸಾಲಾಗಿ ಹಕ್ಕಿಗಳು. ತಲೆ, ರೆಕ್ಕೆ, ಬಾಲ ಮಿರಿಮಿರಿ ಕಪ್ಪು, ಮೈ ಮಾತ್ರ ತಿಳಿಗುಲಾಬಿ. ಯಾವುದೋ ಅಪರೂಪದ ಹಕ್ಕಿ ಅಂತ ನಾನು ಮೊಬೈಲ್ ತೆಗೆಯುವಷ್ಟರಲ್ಲಿ ಅತ್ತೆ ಹೇಳಿಬಿಟ್ಟರು: ‘ಜ್ವಾಳದ ಹಕ್ಕಿ ಅಲ್ಲೇನವ್ವಾ ಇವು! ತೆನಿ ಬಲಿಯೂ ಹೊತ್ತಿಗೆ ಮೋಡ ಬಂದಂಗ ಬರ್ತಿದ್ವು. ಸಣ್ಣಾಕಿದ್ದಾಗ ಅಟ್ಟದ ಮ್ಯಾಲೆ ಕವಣಿ ಹಿಡ್ಕೊಂಡು ಕುಂದರ್ತಿದ್ದೆ.’ ಆರು ತಿಂಗಳಲ್ಲಿ ಅವರು ಒಟ್ಟಿಗೆ ಆಡಿದ ಅತಿ ಉದ್ದದ ಮಾತು ಅದು!

ಪುಸ್ತಕದಲ್ಲಿ ಇದರ ಹೆಸರು ಗುಲಾಬಿ ಕಬ್ಬಕ್ಕಿ. ಚಳಿಗಾಲಕ್ಕೆ ಮುಂಚೆಯೇ ಮಧ್ಯ ಏಷ್ಯಾದ ಕಡೆಯಿಂದ ನಮ್ಮಲ್ಲಿಗೆ ಬಂದು, ಜೋಳ ತಿಂದು, ಹಣ್ಣು ತಿಂದು, ಹೂವಿನ ಮಕರಂದ ಹೀರಿ, ಏಪ್ರಿಲ್ ಹೊತ್ತಿಗೆ ವಾಪಸ್ ಹೊರಡುತ್ತದೆ. ಬಂದಾಗ ಮಾಸಿದ ಬಣ್ಣ. ಹೊರಡುವ ಮುಂಚೆ ಮದುವೆ ಮನೆಗೆ ಹೊರಟಂತೆ ಮೈ ಮಿಂಚುತ್ತದೆ. ಅಲ್ಲಿ ಕಲ್ಲುಗುಡ್ಡೆಗಳ ಸಂದಿಯಲ್ಲಿ ಗೂಡು ಕಟ್ಟಿ, ಮರಿಗಳಿಗೆ ಮಿಡತೆ ತಿನ್ನಿಸಿ ಸಾಕುತ್ತದೆ. ಚೀನಾದ ಷಿನ್‌ಜಿಯಾಂಗ್ ಪ್ರಾಂತದಲ್ಲಿ ಮಿಡತೆ ಕಾಟ ತಗ್ಗಲಿ ಅಂತ ಜನರೇ ಇದಕ್ಕೆ ಕಲ್ಲಿನ ಗೂಡು ಕಟ್ಟಿಕೊಡುತ್ತಾರೆ. ಇದನ್ನು ಅತ್ತೆಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಪಾಪ, ನಾವು ಎಷ್ಟ್ ಕಲ್ಲು ಹೊಡದ್ವಿ’ ಅಂದರು.

ಮುಂದಿನ ಭಾನುವಾರ ಅತ್ತೆಯೇ ಹೇಳಿದರು, ಊರಿಗೆ ಹೋಗಿಬರೋಣ ಅಂತ. ರಾಯಚೂರಿನಿಂದ ಮಾನ್ವಿ ಬಸ್ ಹತ್ತಿದರೆ ಮಾನ್ವಿಗಿಂತ ಮೊದಲೇ ನೀರಮಾನ್ವಿ ಸಿಗುತ್ತದೆ. ಎಲ್ಲಮ್ಮನ ಗುಡಿಗೆ ಹೋದವರಿಗೆಲ್ಲ ಗೊತ್ತಿರುವ ಊರೇ. ಯಾರೋ ಪೇರಿಸಿಟ್ಟಂಥ ಬಂಡೆಗಳ ಗುಡ್ಡ, ಕೆಳಗೆ ಎರೆ ಹೊಲ. ನಲವತ್ತು ಡಿಗ್ರಿ ಬಿಸಿಲಿಗೆ ಹಕ್ಕಿ ನೋಡೋಕೆ ಹೋಗೋದಾ ಅಂತ ನಮ್ಮ ಮನೆಯವರು ನಕ್ಕರು. ನಗಲಿ ಬಿಡಿ. ಬೆಳಿಗ್ಗೆ ಆರರಿಂದ ಎಂಟು ಗಂಟೆ ನಮ್ಮದು, ಆಮೇಲಿನದು ಸೂರ್ಯನದು.

ನಿಜ ಹೇಳಬೇಕೆಂದರೆ ಹೊಸಬರಿಗೆ ಬೇಸಿಗೆಯ ಆರಂಭದಷ್ಟು ಒಳ್ಳೆ ಕಾಲ ಇನ್ನೊಂದಿಲ್ಲ. ಎಷ್ಟೋ ಮರಗಳಲ್ಲಿ ಎಲೆ ಉದುರಿ ಕೊಂಬೆ ಬೋಳಾಗಿರುತ್ತದೆ, ಹಕ್ಕಿ ಬಚ್ಚಿಟ್ಟುಕೊಳ್ಳಲು ಜಾಗವಿಲ್ಲ. ಹಳ್ಳ-ಕುಂಟೆ ಬತ್ತಿ ನೀರು ಉಳಿದ ಕಡೆಗೇ ಎಲ್ಲವೂ ಬರಬೇಕು, ನೀವು ದೂರದಲ್ಲಿ ನೆರಳಿಗೆ ಕುಳಿತರೆ ಸಾಕು. ಜೊತೆಗೆ ಊರಿನ ಹಕ್ಕಿಗಳಿಗೆ ಇದು ಸಂಸಾರ ಹೂಡುವ ಸಮಯ, ಹಾಗಾಗಿ ಹಾಡು, ಜಗಳ, ಓಲೈಕೆ ಎಲ್ಲ ಜೋರು. ಅಂದಹಾಗೆ ಕೋಗಿಲೆಯಲ್ಲಿ ಕುಹೂ ಅಂತ ಹಾಡೋದು ಗಂಡು. ಮೈತುಂಬ ಚುಕ್ಕೆ ಇರುವ ಕಂದು ಹಕ್ಕಿ ಹೆಣ್ಣು. ನಮ್ಮ ಸಿನಿಮಾ ಹಾಡುಗಳು ಇದನ್ನು ಯಾವತ್ತೂ ಸರಿಯಾಗಿ ಹೇಳಿಲ್ಲ.

ಆ ಬೆಳಿಗ್ಗೆ ಕಾಲುವೆ ಏರಿಯ ಮಣ್ಣಿನಲ್ಲಿ ಕಳ್ಳಿಪೀರಗಳು ಬಿಲ ಕೊರೆಯುತ್ತಿದ್ದವು. ಹಸಿರು ಮೈ, ಬಾಲದಲ್ಲಿ ಸೂಜಿಯಂಥ ಎರಡು ಗರಿ. ಬರೀ ನೆಲದ ಮೇಲೆ, ಬೆಣಚುಕಲ್ಲುಗಳ ನಡುವೆ ಟಿಟ್ಟಿಭದ ನಾಲ್ಕು ಮೊಟ್ಟೆ. ಅತ್ತೆ ಸೆರಗು ಹಿಡಿದು ನಿಲ್ಲಿಸದಿದ್ದರೆ ತುಳಿದೇಬಿಡುತ್ತಿದ್ದೆ, ಅಷ್ಟು ಕಲ್ಲಿನಂತೆಯೇ ಇದ್ದವು. ಬಿಸಿಲು ಏರಿದಾಗ ಈ ಹಕ್ಕಿ ನೀರಿಗಿಳಿದು ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆ ಮೇಲೆ ಕೂರುತ್ತದಂತೆ, ತಂಪಾಗಿಡಲು. ನಾವು ಒದ್ದೆ ಬಟ್ಟೆ ಸುತ್ತಿ ನೀರಿನ ಗಡಿಗೆ ತಣ್ಣಗಿಡುವುದಿಲ್ಲವೇ, ಹಾಗೇ.

ನಾನು ಹೋಗಿದ್ದು ಇನ್ನೊಂದರ ಆಸೆಯಿಂದ. ಹಳದಿಕೊರಳಿನ ಪಿಕಳಾರ ಅಂತ ಒಂದಿದೆ. ದಕ್ಷಿಣ ಭಾರತದ ಬಂಡೆಬೆಟ್ಟಗಳ ಕುರುಚಲಿನಲ್ಲಿ ಬಿಟ್ಟರೆ ಜಗತ್ತಿನ ಬೇರೆಲ್ಲೂ ಇಲ್ಲ. ನಂದಿಬೆಟ್ಟದಲ್ಲಿ, ಹಂಪಿ-ದರೋಜಿ ಕಡೆ ಇದನ್ನು ನೋಡಲೆಂದೇ ದೂರದೂರದಿಂದ ಬರುತ್ತಾರೆ. ಬೆಟ್ಟಗಳು ಕಲ್ಲುಗಣಿಯ ಪಾಲಾಗುತ್ತಿರುವುದರಿಂದ ಅಳಿವಿನಂಚಿನ ಪಟ್ಟಿಗೂ ಸೇರಿದೆ. ನಮ್ಮ ಬಂಡೆಗಳ ಮೇಲೂ ಇದ್ದೀತು ಅಂತ ಒಂದೂವರೆ ಗಂಟೆ ಕಾದೆ. ಕಂಡಿದ್ದು ಮಾಮೂಲಿ ಕೆಮ್ಮೀಸೆ ಪಿಕಳಾರ. ಮುಖ ಸಣ್ಣದು ಮಾಡಿಕೊಂಡಿದ್ದು ನೋಡಿ ಅತ್ತೆ ಎರೆ ಹೊಲದ ಕಡೆ ಕೈ ತೋರಿಸಿದರು. ‘ನಮ್ಮಪ್ಪನ ಕಾಲಕ್ಕ ಇಂಥಾ ಹೊಲದಾಗ ಎರೆಭೂತ ಅಡ್ಡಾಡ್ತಿದ್ವಂತ. ಮನಿಶಾನ ಸೊಂಟದ ಮಟಾ ಎತ್ತರ. ನಾನೂ ಒಮ್ಮಿ ನೋಡೀನಿ. ಯಾರಿಗೂ ಅದು ದೊಡ್ಡ ಸುದ್ದಿ ಆಗಿರಲಿಲ್ಲ.’

ನನಗೆ ಮೈ ಜುಮ್ಮೆಂದಿತು. ಎರೆಭೂತ ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್! ಗಂಡು ಹದಿನೈದು ಕೆಜಿವರೆಗೆ ತೂಗುತ್ತದೆ, ಹಾರುವ ಹಕ್ಕಿಗಳಲ್ಲೇ ಭಾರೀ ತೂಕದವುಗಳಲ್ಲೊಂದು. ಹೆಣ್ಣು ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತದೆ, ಅದೂ ಬರೀ ನೆಲದ ಮೇಲೆ. ಹುಲ್ಲುಗಾವಲು, ಮಳೆಯಾಶ್ರಿತ ಹೊಲಗಳು ನೀರಾವರಿಗೆ ಬಂದವು, ಬೇಟೆಯಾಯಿತು, ಕರೆಂಟಿನ ತಂತಿಗಳು ಅಡ್ಡ ಬಂದವು. ಈಗ ಕಾಡಿನಲ್ಲಿ ಉಳಿದಿರುವುದು ನೂರೈವತ್ತಕ್ಕಿಂತ ಕಮ್ಮಿ, ಬಹುಪಾಲು ರಾಜಸ್ಥಾನದಲ್ಲಿ. ನಮ್ಮ ರಾಜ್ಯದಲ್ಲಿ ಕೆಲವನ್ನು ಕಂಡಿದ್ದು ಎಲ್ಲಿ ಗೊತ್ತೇ? ತುಂಗಭದ್ರೆಯ ಆಚೆ ದಂಡೆಯ ಸಿರುಗುಪ್ಪದ ಬಯಲಿನಲ್ಲಿ. ಹೊಳೆ ದಾಟಿದರೆ ನಮ್ಮ ಜಿಲ್ಲೆ. ಅತ್ತೆಗೆ ಸುದ್ದಿಯೇ ಅಲ್ಲದ ಹಕ್ಕಿ ನನ್ನ ಮಗಳಿಗೆ ಪುಸ್ತಕದ ಚಿತ್ರ.

ಅಷ್ಟರಲ್ಲಿ ಬೇವಿನ ಮರದಿಂದ ನೀಲಕಂಠವೊಂದು ಮೇಲೇರಿ, ಗಾಳಿಯಲ್ಲಿ ಪಲ್ಟಿ ಹೊಡೆಯುತ್ತಾ ಕೆಳಗಿಳಿಯಿತು. ಬೇಸಿಗೆಯಲ್ಲಿ ಗಂಡು ಹೀಗೆ ಕಸರತ್ತು ಮಾಡಿ ಹೆಣ್ಣನ್ನು ಒಲಿಸಿಕೊಳ್ಳುತ್ತದೆ. ಕೂತಾಗ ಮಣ್ಣು ಬಣ್ಣ, ರೆಕ್ಕೆ ಬಿಚ್ಚಿದರೆ ಇಳಕಲ್ ಸೀರೆಯೂ ನಾಚಬೇಕು ಅಂಥ ನೀಲಿ. ಇದು ನಮ್ಮ ರಾಜ್ಯಪಕ್ಷಿ. ಮಾಮೂಲಿ ಹಕ್ಕಿ ಅಂತ ಮೊದಲಾಗಿದ್ದರೆ ತಿರುಗಿಯೂ ನೋಡುತ್ತಿರಲಿಲ್ಲ. ಆದರೆ 2023ರಲ್ಲಿ ಬಂದ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿ, ಈ ನೀಲಕಂಠವೇ ಹನ್ನೆರಡು ವರ್ಷಗಳಲ್ಲಿ ಶೇ 30ರಷ್ಟು ಕಮ್ಮಿಯಾಗಿದೆ ಎನ್ನುತ್ತದೆ. ಆ ಲೆಕ್ಕ ಹಾಕಿದವರು ವಿಜ್ಞಾನಿಗಳು, ನಿಜ. ಆದರೆ ಲೆಕ್ಕಕ್ಕೆ ಬೇಕಾದ ಸುಮಾರು ಮೂರು ಕೋಟಿ ನಮೂದುಗಳನ್ನು ಕೊಟ್ಟವರು ಮೂವತ್ತು ಸಾವಿರದಷ್ಟು ಸಾಮಾನ್ಯ ಪಕ್ಷಿವೀಕ್ಷಕರು. ಇಂಥ ದಿನ, ಇಂಥ ಜಾಗ, ಇಂಥ ಹಕ್ಕಿ, ಇಷ್ಟು. ಹಾಲಿನ ಲೆಕ್ಕ ಬರೆಯುವ ನಮಗೆ ಇದು ಬಾರದ ವಿದ್ಯೆಯೇ?

ನೀವೂ ಶುರು ಮಾಡಬೇಕೆಂದರೆ ಮೊದಲ ವಾರ ಮಾಳಿಗೆಯೇ ಸಾಕು. ಬೆಳಗಿನ ಚಹಾ ಅಲ್ಲೇ ಕುಡಿಯಿರಿ. ಮಣ್ಣಿನ ಅಗಲ ಪಾತ್ರೆಯಲ್ಲಿ ಎರಡು ಬೆರಳು ಆಳ ನೀರಿಟ್ಟು, ದಿನಾ ತೊಳೆದು ಬದಲಿಸಿ. ಹೊರಗೆ ಹೋಗುವಾಗ ಒಬ್ಬರೇ ಬೇಡ, ಗೆಳತಿಯೋ ಓರಗಿತ್ತಿಯೋ ಜೊತೆಗಿರಲಿ, ಎಲ್ಲಿಗೆ ಹೊರಟಿದ್ದೀರಿ ಅಂತ ಮನೆಯಲ್ಲಿ ಹೇಳಿರಿ. ಮಣ್ಣು ಬಣ್ಣದ ಹಳೇ ಚೂಡಿದಾರ, ಕಾಲಿಗೆ ಶೂ, ತಲೆಗೆ ಟೋಪಿ ಅಥವಾ ಸೆರಗು, ನೀರು. ಬೈನಾಕ್ಯುಲರ್ ಕೊಳ್ಳುವುದಾದರೆ 8×40 ಅಂತ ಬರೆದದ್ದು ಒಳ್ಳೆಯದು, ಎಂಟು ಪಟ್ಟು ದೊಡ್ಡದಾಗಿ ಕಾಣುತ್ತದೆ, ಕೈ ನಡುಗಿದರೂ ಚಿತ್ರ ಕುಣಿಯುವುದಿಲ್ಲ. ಆದರೆ ಅವಸರ ಬೇಡ, ಎರಡು ತಿಂಗಳು ಆಸಕ್ತಿ ಉಳಿದರೆ ಕೊಳ್ಳಿ. ತೇಜಸ್ವಿಯವರ ‘ಹಕ್ಕಿಪುಕ್ಕ’ ಮನೆಯಲ್ಲಿದ್ದರೆ ಮಕ್ಕಳೂ ಬಂದು ಕೂಡುತ್ತಾರೆ. ಮೊಬೈಲಿನ ಮರ್ಲಿನ್ ಆ್ಯಪ್ ದನಿ ಕೇಳಿ ಹೆಸರು ಹೇಳುತ್ತದೆ, ಆಗಾಗ ತಪ್ಪನ್ನೂ ಹೇಳುತ್ತದೆ. ಕಣ್ಣಿಂದ ನೋಡದೆ ನಂಬಬೇಡಿ.

ಒಂದು ಮಾತ್ರ ಕಟ್ಟುನಿಟ್ಟು. ಗೂಡಿನ ಹತ್ತಿರ ಹೋಗಬೇಡಿ, ಹಕ್ಕಿ ಕರೆಯಲು ಮೊಬೈಲಲ್ಲಿ ಅದರ ಕೂಗು ಹಾಕಬೇಡಿ, ಗೂಡಿನ ಫೋಟೊ ಗ್ರೂಪಿಗೆ ಕಳಿಸಬೇಡಿ. ತಾಯಿ ಹಕ್ಕಿ ಎದ್ದು ಹೋದರೆ ಈ ಬಿಸಿಲಿಗೆ ಮೊಟ್ಟೆ ಬೇಯಲು ಹೆಚ್ಚು ಹೊತ್ತು ಬೇಡ.

‘ಮನೆ ಕೆಲಸ ಬಿಟ್ಟು ಇದೆಲ್ಲ ನಮಗ್ಯಾಕೆ’ ಅನ್ನುವವರಿಗೆ ಫೀಬಿ ಸ್ನೆಟ್‌ಸಿಂಗರ್ ಕಥೆ ಹೇಳುತ್ತೇನೆ. ಅಮೆರಿಕದ ಗೃಹಿಣಿ, ನಾಲ್ಕು ಮಕ್ಕಳ ತಾಯಿ. 1965ರಲ್ಲಿ ನೆರೆಮನೆಯಾಕೆ ಕೊಟ್ಟ ಬೈನಾಕ್ಯುಲರ್‌ನಲ್ಲಿ ಒಂದು ಪುಟ್ಟ ಹಕ್ಕಿ ನೋಡಿದ್ದೇ ನೆಪ. 1981ರಲ್ಲಿ ಕ್ಯಾನ್ಸರ್, ಇನ್ನು ಕೆಲವೇ ತಿಂಗಳು ಅಂದರು ಡಾಕ್ಟರು. ಆಕೆ ಹಕ್ಕಿ ನೋಡಲು ಹೊರಟರು. 1999ರಲ್ಲಿ ಮಡಗಾಸ್ಕರ್‌ನಲ್ಲಿ ವಾಹನ ಅಪಘಾತದಲ್ಲಿ ತೀರಿಕೊಳ್ಳುವ ಹೊತ್ತಿಗೆ ಎಂಟು ಸಾವಿರಕ್ಕೂ ಹೆಚ್ಚು ಜಾತಿಯ ಹಕ್ಕಿ ನೋಡಿದ್ದರು, ಅಷ್ಟನ್ನು ನೋಡಿದ ಮೊದಲಿಗರು. ನಮ್ಮ ಪಟ್ಟಿ ಈಗ ನಲವತ್ತೊಂದು. ಅದರಲ್ಲಿ ಎರೆಭೂತವನ್ನು ಸೇರಿಸಬೇಕೋ ಬೇಡವೋ ಅಂತ ಅತ್ತೆಗೂ ನನಗೂ ಇನ್ನೂ ವಾದ ನಡೆದಿದೆ.

ಪಟ್ಟಿ ಬರೆಯುವುದು ಅಡುಗೆಮನೆಯ ಕ್ಯಾಲೆಂಡರ್ ಮೇಲೆ, ಅತ್ತೆಯ ಕೈಯಿಂದಲೇ. ಏಪ್ರಿಲ್ ಎರಡನೇ ವಾರ ಒಂದು ಬೆಳಿಗ್ಗೆ ವೈರ್ ಖಾಲಿ. ಮಾರನೇ ದಿನವೂ ಖಾಲಿ. ಅತ್ತೆ ಕನ್ನಡಕ ಏರಿಸಿಕೊಂಡು ಎರಡೂ ತಾರೀಖಿನ ಕೆಳಗೆ ‘ಬರಲಿಲ್ಲ’ ಅಂತ ಬರೆದಿದ್ದರು. ತಿಂಗಳ ಕೊನೆಗೆ ನಮ್ಮ ಮನೆಯವರು ಅದನ್ನು ನೋಡಿ ಹಾಲಿನವನಿಗೆ ಎರಡು ದಿನದ ದುಡ್ಡು ಮುರಿದುಕೊಂಡರು.