ಹಡ್ಸನ್ ದಡದ ಶರತ್ಕಾಲ

ಅಮೆರಿಕದ ಕಲಾವಿದ ಜಾಸ್ಪರ್ ಫ್ರಾನ್ಸಿಸ್ ಕ್ರಾಪ್ಸಿ 1860ರಲ್ಲಿ ಮುಗಿಸಿದ ‘ಆಟಮ್ - ಆನ್ ದಿ ಹಡ್ಸನ್ ರಿವರ್’ ಸುಮಾರು 5 ಅಡಿ ಎತ್ತರ, 9 ಅಡಿ ಅಗಲದ ತೈಲವರ್ಣ ಚಿತ್ರ. ಈಗ ಅದು ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿ ಆಫ್ ಆರ್ಟ್‌ನಲ್ಲಿದೆ. ಹಡ್ಸನ್ ಕಣಿವೆಯ ಈ ನೋಟ ಮೂಡಿದ್ದು ಮಾತ್ರ ಲಂಡನ್ನಿನಲ್ಲಿ. 1856ರಿಂದ 1863ರವರೆಗೆ ಅಲ್ಲಿ ನೆಲೆಸಿದ್ದ ಕ್ರಾಪ್ಸಿ, ನೆನಪಿನಿಂದಲೂ ಹಿಂದೆ ಬರೆದಿಟ್ಟಿದ್ದ ರೇಖಾಚಿತ್ರಗಳ ನೆರವಿನಿಂದಲೂ ತನ್ನ ನಾಡನ್ನು ಕ್ಯಾನ್ವಾಸಿಗೆ ತಂದ.

ಥಾಮಸ್ ಕೋಲ್‌ನಿಂದ ಮೊದಲಾದ ‘ಹಡ್ಸನ್ ರಿವರ್ ಸ್ಕೂಲ್’ ಪರಂಪರೆಗೆ ಸೇರಿದವನು ಕ್ರಾಪ್ಸಿ. ಯುರೋಪಿನಂತೆ ಹಳೆಯ ಕೋಟೆ, ಪಾಳುಬಿದ್ದ ದೇಗುಲಗಳಿಲ್ಲದ ತಮ್ಮ ದೇಶಕ್ಕೆ ಕಾಡು, ನದಿ, ಬೆಟ್ಟಗಳೇ ದೊಡ್ಡ ಆಸ್ತಿ ಎಂದು ಈ ಕಲಾವಿದರು ನಂಬಿದ್ದರು. ಅದರಲ್ಲೂ ಶರತ್ಕಾಲದ ಕಾಡು ಅವರಿಗೆ ಹೆಮ್ಮೆಯ ವಸ್ತು.

ಚಿತ್ರದಲ್ಲಿನ ಶರತ್ಕಾಲದ ಬಣ್ಣಗಳನ್ನು ಕಂಡು ಲಂಡನ್ನಿನ ಪ್ರೇಕ್ಷಕರಲ್ಲಿ ಹಲವರಿಗೆ ಅನುಮಾನ ಬಂತು. ಇಷ್ಟು ಕೆಂಪು ಎಲೆಗಳು ನಿಜಕ್ಕೂ ಇರುತ್ತವೆಯೇ? ಕ್ರಾಪ್ಸಿ ಅಮೆರಿಕದ ಅಸಲಿ ಎಲೆಗಳನ್ನೇ ತರಿಸಿ ಚಿತ್ರದ ಪಕ್ಕದಲ್ಲಿ ಪ್ರದರ್ಶನಕ್ಕಿಟ್ಟ. ಅವನು ಉತ್ಪ್ರೇಕ್ಷೆ ಮಾಡಿರಲಿಲ್ಲ. ಚಳಿಗಾಲ ಹತ್ತಿರವಾದಂತೆ ಎಲೆಯ ಹಸಿರು ದ್ರವ್ಯವಾದ ಕ್ಲೋರೋಫಿಲ್ ಕರಗುತ್ತದೆ. ಅದರ ಹಿಂದೆ ಮೊದಲಿನಿಂದಲೂ ಇದ್ದ ಹಳದಿ ಆಗ ಕಾಣಿಸುತ್ತದೆ. ಕೆಂಪು ಹಾಗಲ್ಲ. ಆಂಥೋಸಯಾನಿನ್ ಎಂಬ ಆ ವರ್ಣದ್ರವ್ಯ ಬಹುಮಟ್ಟಿಗೆ ಶರತ್ಕಾಲದಲ್ಲೇ ಹೊಸದಾಗಿ ತಯಾರಾಗುತ್ತದೆ. ಹಗಲು ಬಿಸಿಲು, ರಾತ್ರಿ ತಂಪು ಇದ್ದರೆ ರಂಗು ಇನ್ನೂ ಗಾಢ. ಯುರೋಪಿನ ಮರಗಳು ಹೆಚ್ಚಾಗಿ ಹಳದಿಗೆ ತಿರುಗಿದರೆ, ಪೂರ್ವ ಅಮೆರಿಕದ ಹಲವು ಮೇಪಲ್ ಮರಗಳು ಕೆಂಪಾಗುತ್ತವೆ.

ಆದರೆ ಕೆಂಪಿನಲ್ಲೇ ಕಣ್ಣು ನಿಂತುಬಿಟ್ಟರೆ ಚಿತ್ರ ಅರ್ಧ ಮಾತ್ರ ದಕ್ಕೀತು. ನೋಡುವವರನ್ನು ಕ್ರಾಪ್ಸಿ ನದಿಯ ಪಶ್ಚಿಮ ದಡದ ಎತ್ತರದಲ್ಲಿ ನಿಲ್ಲಿಸುತ್ತಾನೆ. ಮುಂದೆ ಮರಗಳ ಕೆಳಗೆ ಮೂವರು ಬೇಟೆಗಾರರು ನಾಯಿಗಳೊಂದಿಗೆ ದಣಿವಾರಿಸಿಕೊಳ್ಳುತ್ತಿದ್ದಾರೆ. ಅಲ್ಲಿಂದ ಒಂದು ತೊರೆ ಬಳುಕುತ್ತ ಇಳಿಯುತ್ತದೆ. ದಾರಿಯಲ್ಲಿ ಮರದ ದಿಮ್ಮಿಗಳ ಗುಡಿಸಲು, ಮೇಯುವ ಕುರಿಗಳು, ಪುಟ್ಟ ಸೇತುವೆಯ ಮೇಲೆ ಆಡುವ ಮಕ್ಕಳು. ತೊರೆಯ ಜಾಡು ಹಿಡಿದ ನೋಟ ಅಗಲವಾದ ನದಿಯನ್ನು ಸೇರಿ, ಆಚೆಗೆ ಸ್ಟಾರ್ಮ್ ಕಿಂಗ್ ಬೆಟ್ಟದ ಮಗ್ಗುಲನ್ನು ತಲುಪುತ್ತದೆ. ಮೇಲಿನ ಸೂರ್ಯ ಮೋಡಗಳ ಎಡೆಯಿಂದ ಚೆಲ್ಲುವ ಬೆಳಕು ದೂರದ ಗೆರೆಗಳನ್ನು ಮಂಜಿನಂತೆ ಮೆತ್ತಗಾಗಿಸುತ್ತದೆ. ಹತ್ತಿರದ ಎಲೆಗಳು ಹೊಳೆಯುವುದೂ ಆ ಬೆಳಕಿನಿಂದಲೇ. ಹಾಗಾಗಿ ಚಿತ್ರದ ನಿಜವಾದ ನಾಯಕ ಬೆಳಕು.

ಇಲ್ಲಿನ ಶಾಂತಿಯಲ್ಲಿ ಹಂಬಲದ ಪಾಲೂ ಇದೆ. ಹಡ್ಸನ್ ಪೂರ್ವದಡದುದ್ದಕ್ಕೂ 1851ರ ಹೊತ್ತಿಗೇ ರೈಲುಹಳಿ ಬಂದಿತ್ತು. ಆದರೂ ಪರದೇಶದಲ್ಲಿ ಕುಳಿತ ಕಲಾವಿದ ಮನುಷ್ಯ, ದನಕರು, ಕಾಡುಗಳು ಒಂದಕ್ಕೊಂದು ಹೊಂದಿಕೊಂಡಿದ್ದ ನಾಡನ್ನೇ ನೆನೆಯಲು ಬಯಸಿದ.

ಗ್ಯಾಲರಿಯ ಜಾಲತಾಣದಲ್ಲಿ ಈ ಚಿತ್ರವನ್ನು ಉಚಿತವಾಗಿ ದೊಡ್ಡದು ಮಾಡಿ ನೋಡಬಹುದು. ಬೇಟೆಗಾರರಿಂದ ಆರಂಭಿಸಿ, ತೊರೆಯ ಜೊತೆಗೇ ನಿಧಾನವಾಗಿ ಕೆಳಗಿಳಿದು ನೋಡಿ.