ಮರುಕಳಿಸುವ ಬಿಳಿಸೆರಗು

ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಹರಿಯುವ ಸಿಂಧನೂರು, ಮಸ್ಕಿಗಳ ಸೀಮೆಯಲ್ಲಿ ನೆಲ್ಲು ಹಚ್ಚುವ ಕಾಲಕ್ಕೆ ಹಗಲೆಲ್ಲ ಕೆಸರಿನಲ್ಲಿ ಬಾಗಿ ದುಡಿಯುವ ಹೆಣ್ಣುಮಕ್ಕಳು ಸೊಂಟದ ನೋವನ್ನು ಒಬ್ಬರೊಡನೊಬ್ಬರು ಧಾರಾಳವಾಗಿ ಹೇಳಿಕೊಳ್ಳುವರು. ಆದರೆ ಗುಹ್ಯಭಾಗದ ತುರಿಕೆಯನ್ನು, ಮೂತ್ರ ಹೋಗುವಾಗಿನ ಉರಿಯನ್ನು, ಒಡೆದ ಮೊಸರಿನಂತೆ ಹೋಗುವ ಬಿಳುಪನ್ನು, ಅದು ತಿಂಗಳು ಬಿಟ್ಟು ತಿಂಗಳು ಮರಳಿ ಬಂದು ನಿದ್ದೆಗೆಡಿಸಿದರೂ, ಹೆತ್ತ ತಾಯಿಯ ಕಿವಿಗೆ ಹಾಕಲು ಸಹ ಹಿಂಜರಿಯುವರು. ಕೇಳಿದರೆ “ಉಷ್ಣ ಆಗೇದ ಬಿಡ್ರಿ” ಎಂಬಷ್ಟೇ ಉತ್ತರ. ಎಲುಬು ಕರಗಿ ಬಿಳಿ ಹೋಗುತ್ತಿದೆಯೆಂಬ ಅಂಜಿಕೆ ಒಳಗೊಳಗೇ ಹಲವರನ್ನು ಸೊರಗಿಸುವುದುಂಟು. ಎಲುಬು ಕರಗುವುದಿಲ್ಲ; ಇದು ನಡತೆಯ ದೋಷವೂ ಅಲ್ಲ, ಮೈ ತೊಳೆಯುವುದರಲ್ಲಿ ಆದ ಕೊರತೆಯೂ ಅಲ್ಲ.

ಈ ಮೌನದ ಅಳತೆ ಎಷ್ಟೆಂಬುದನ್ನು ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ವೈದ್ಯ ದಂಪತಿಗಳಾದ ರಾಣಿ ಬಂಗ್ ಮತ್ತು ಅಭಯ ಬಂಗ್ ಅವರು 1989ರಲ್ಲಿ ಪ್ರಕಟಿಸಿದ ಅಧ್ಯಯನವು ಲೋಕಕ್ಕೆ ತಿಳಿಸಿತು: ಎರಡು ಹಳ್ಳಿಗಳ 650 ಸ್ತ್ರೀಯರನ್ನು ಪರೀಕ್ಷಿಸಲಾಗಿ ನೂರಕ್ಕೆ 92 ಮಂದಿಯಲ್ಲಿ ಒಂದಲ್ಲ ಒಂದು ಸ್ತ್ರೀರೋಗ ಕಂಡುಬಂದಿತು, ಅದಕ್ಕೆ ಮೊದಲು ಅಂಥ ಪರೀಕ್ಷೆಗೆ ಒಳಗಾದವರು ನೂರಕ್ಕೆ ಎಂಟೇ ಮಂದಿ.

ನಾವು ಇಲ್ಲಿ ವಿಚಾರಿಸುತ್ತಿರುವ ವ್ಯಾಧಿಗೆ ಕಾರಣವಾದುದು ಕ್ಯಾಂಡಿಡಾ ಎಂಬ ಸೂಕ್ಷ್ಮ ಶಿಲೀಂಧ್ರ. ಅದು ಹೊರಗಿನಿಂದ ದಂಡೆತ್ತಿ ಬಂದ ಶತ್ರುವಲ್ಲ. ಆರೋಗ್ಯವಂತರಾದ ಅನೇಕ ಸ್ತ್ರೀಯರ ಕರುಳಿನಲ್ಲಿಯೂ ಯೋನಿಯಲ್ಲಿಯೂ ಯಾವ ಉಪದ್ರವವನ್ನೂ ಕೊಡದೆ ಇರತಕ್ಕದ್ದು. ದುಂಡು ಕಣಗಳ ರೂಪದಲ್ಲಿದ್ದ ಈ ಜೀವಿ ಅನುಕೂಲ ಒದಗಿದಾಗ ಉದ್ದನೆಯ ತಂತುಗಳಾಗಿ ಬೆಳೆದು ಒಳಪೊರೆಯನ್ನು ಹೊಕ್ಕು, ಕ್ಯಾಂಡಿಡಾಲೈಸಿನ್ ಎಂಬ ವಿಷವನ್ನು ಸ್ರವಿಸುವುದೆಂದು 2016ರಲ್ಲಿ ಗೊತ್ತಾಯಿತು. ಅದಕ್ಕೆ ಪ್ರತಿಯಾಗಿ ನಮ್ಮ ದೇಹವೇ ಎಬ್ಬಿಸುವ ಉರಿಯೂತದಿಂದ ಕೆಂಪು, ಊತ, ತುರಿಕೆಗಳು ಉಂಟಾಗುವುವು. ಸ್ತ್ರೀಯರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಬಾಳಿನಲ್ಲಿ ಒಮ್ಮೆಯಾದರೂ ಇದನ್ನು ಅನುಭವಿಸುವರು. ವರ್ಷದಲ್ಲಿ ಮೂರು ಸಲ ಅಥವಾ ಅದಕ್ಕೂ ಹೆಚ್ಚಾಗಿ ಬಂದರೆ ಮಾತ್ರ ಮರುಕಳಿಸುವ ವ್ಯಾಧಿಯೆಂದು ವೈದ್ಯರು ಎಣಿಸುವರು.

ಅನುಕೂಲ ಒದಗಿಸುವ ಕಾರಣಗಳಲ್ಲಿ ಮೊದಲು ಹುಡುಕಬೇಕಾದುದು ಸಕ್ಕರೆ ಕಾಯಿಲೆ. ತನಗೆ ಮಧುಮೇಹವಿದೆಯೆಂಬುದನ್ನೇ ಅರಿಯದ ಹೆಂಗಸಿಗೆ ಬಿಡದ ತುರಿಕೆಯೇ ಅದರ ಮೊದಲ ಸೂಚನೆಯಾಗಿ ಬರಬಹುದಾದುದರಿಂದ, ಬೆರಳಿನಿಂದ ಒಂದು ಹನಿ ರಕ್ತ ತೆಗೆದು ನೋಡದೆ ಔಷಧ ಬರೆಯುವುದು ನನ್ನ ಮಟ್ಟಿಗೆ ಅರ್ಧ ಕೆಲಸ. ಮೂತ್ರದ ಮೂಲಕ ಸಕ್ಕರೆಯನ್ನು ಹೊರಹಾಕುವ ಡಾಪಾಗ್ಲಿಫ್ಲೋಜಿನ್‌ನಂಥ ಮಧುಮೇಹದ ಗುಳಿಗೆಗಳೂ ಈ ಬಾಧೆಯನ್ನು ಹೆಚ್ಚಿಸಬಲ್ಲವು. ಜ್ವರ, ಕೆಮ್ಮು ಎಂದೊಡನೆ ನುಂಗುವ ಆ್ಯಂಟಿಬಯೋಟಿಕ್, ಗರ್ಭಾವಸ್ಥೆ, ಮೆಡಿಕಲ್ ಅಂಗಡಿಯಲ್ಲಿ ಚೀಟಿಯಿಲ್ಲದೆ ತಂದು ಹಚ್ಚುವ ಸ್ಟೀರಾಯ್ಡ್ ಬೆರೆತ ಮುಲಾಮು, ಇವೂ ಕಾರಣಗಳೇ. ಆ ಮುಲಾಮು ಎರಡು ದಿನ ತುರಿಕೆಯನ್ನು ಅಡಗಿಸಿ, ಶಿಲೀಂಧ್ರಕ್ಕೆ ಒಳಗಿಂದೊಳಗೆ ಬೆಳೆಯಲು ಎಡೆಮಾಡಿಕೊಡುತ್ತದೆ. ಡೆಟಾಲು, ಸಾಬೂನುಗಳಿಂದ ಒಳಭಾಗವನ್ನು ತೊಳೆಯುವುದಂತೂ ಕೆರಳಿದ ಪೊರೆಯನ್ನು ಮತ್ತಷ್ಟು ಕೆರಳಿಸುವುದು.

ಬಿಳುಪೆಲ್ಲವೂ ಕ್ಯಾಂಡಿಡಾ ಅಲ್ಲವೆಂಬುದು ಇಲ್ಲಿನ ಮುಖ್ಯ ತೊಡಕು. ಕೆಟ್ಟ ಮೀನಿನ ವಾಸನೆಯ ತೆಳು ಸ್ರಾವ ಬ್ಯಾಕ್ಟೀರಿಯಗಳ ಏರುಪೇರಿನದು. ಟ್ರೈಕೊಮೊನಾಸ್ ಎಂಬ ಪರಜೀವಿಯದು ಬೇರೊಂದು ಬಗೆ, ಅದಕ್ಕೆ ಗಂಡನಿಗೂ ಚಿಕಿತ್ಸೆ ಬೇಕು. ಸರ್ಕಾರದ ಸುರಕ್ಷಾ ಕ್ಲಿನಿಕ್ಕುಗಳಲ್ಲಿ ಕೊಡುವ ಹಸಿರು ಪೊಟ್ಟಣದಲ್ಲಿ ಸೆಕ್ನಿಡಜೋಲ್ ಜೊತೆಗೆ 150 ಮಿಲಿಗ್ರಾಂನ ಒಂದೇ ಒಂದು ಫ್ಲುಕೊನಜೋಲ್ ಗುಳಿಗೆಯನ್ನು ಇಟ್ಟಿರುವುದು, ಪ್ರಯೋಗಾಲಯವಿಲ್ಲದೆಡೆಯಲ್ಲಿ ಮೂರಕ್ಕೂ ಒಟ್ಟಿಗೇ ಮದ್ದಾಗಲೆಂದು. ಮೊದಲ ಸಲಕ್ಕೆ ಇದು ವಿವೇಕದ ಏರ್ಪಾಡೇ ಸರಿ. ಆದರೆ ಅದೇ ಪೊಟ್ಟಣವನ್ನು ಒಬ್ಬಳೇ ಹೆಂಗಸಿಗೆ ನಾಲ್ಕನೆಯ ಸಲ ಕೊಡುವುದು ಸಲ್ಲದು. ಆಗ ಲಿಂಗಸುಗೂರು ಅಥವಾ ಸಿಂಧನೂರಿನ ತಾಲ್ಲೂಕು ಆಸ್ಪತ್ರೆಯಲ್ಲಾಗಲಿ, ರಾಯಚೂರಿನ ರಿಮ್ಸ್‌ನಲ್ಲಾಗಲಿ ವೈದ್ಯರು ಕಣ್ಣಾರೆ ಪರೀಕ್ಷಿಸಿ, ಸ್ರಾವವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಸಾಧ್ಯವಿದ್ದಲ್ಲಿ ಕಲ್ಚರ್ ಮಾಡಿಸಿ ಶಿಲೀಂಧ್ರದ ಜಾತಿಯನ್ನು ಗೊತ್ತುಪಡಿಸಿಕೊಳ್ಳಬೇಕು. ಆ ಪರೀಕ್ಷೆಗೆ ಒಂದು ಪರದೆ, ಜೊತೆಗೆ ನಿಲ್ಲುವ ಒಬ್ಬ ದಾದಿ, ಅವಸರವಿಲ್ಲದ ಹತ್ತು ನಿಮಿಷ ಇವಿಷ್ಟನ್ನು ಒದಗಿಸುವುದು ಯಾವ ಆಸ್ಪತ್ರೆಗೂ ಭಾರವಾಗದು.

ಚಿಕಿತ್ಸೆಯು ದೀರ್ಘವಾದುದು. ಮೊದಲು ಫ್ಲುಕೊನಜೋಲ್ 150 ಮಿಲಿಗ್ರಾಂನ ಮೂರು ಗುಳಿಗೆಗಳನ್ನು ಮೂರು ಮೂರು ದಿನಗಳ ಅಂತರದಲ್ಲಿ ಕೊಟ್ಟು ರೋಗವನ್ನು ತಗ್ಗಿಸಿ, ತರುವಾಯ ವಾರಕ್ಕೊಂದರಂತೆ ಆರು ತಿಂಗಳು ಮುಂದುವರಿಸುವರು. ಗರ್ಭಿಣಿಯರಿಗೆ ಈ ಗುಳಿಗೆ ಕೂಡದು. ಕ್ಲೋಟ್ರಿಮಜೋಲ್‌ನಂಥ ಒಳಗಿಡುವ ಗುಳಿಗೆಯನ್ನು ಏಳು ದಿನ ಬಳಸತಕ್ಕದ್ದು. ಫ್ಲುಕೊನಜೋಲ್‌ಗೆ ಸುಲಭವಾಗಿ ಬಗ್ಗದ ಗ್ಲಾಬ್ರಾಟಾ ಜಾತಿಯದಾದರೆ ವೈದ್ಯರು 600 ಮಿಲಿಗ್ರಾಂನ ಬೋರಿಕ್ ಆಮ್ಲದ ಕ್ಯಾಪ್ಸೂಲನ್ನು ಮೂರು ವಾರ ಒಳಗಿಡಲು ಹೇಳಬಹುದು. ಅದು ನುಂಗಿದರೆ ವಿಷ, ಗರ್ಭಿಣಿಗೆ ನಿಷಿದ್ಧ. ಇಲ್ಲವೆ ನಿಸ್ಟಾಟಿನ್ ಉಂಟು. ಮಾನವರಿಗೆ ಉಪಯುಕ್ತವಾದ ಮೊದಲ ಶಿಲೀಂಧ್ರನಾಶಕವೆನಿಸಿದ ಅದನ್ನು 1950ರಲ್ಲಿ ಲೋಕಕ್ಕೆ ಕೊಟ್ಟವರು ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್ ಎಂಬ ಇಬ್ಬರು ಸ್ತ್ರೀ ವಿಜ್ಞಾನಿಗಳೆಂಬುದನ್ನು ನೆನೆದಾಗ ಮನಸ್ಸಿಗೆ ಹಿತವೆನಿಸುತ್ತದೆ.

ಚಿಕಿತ್ಸೆ ಆರಂಭವಾಗುವ ದಿನವೇ ರೋಗಿಗೆ ತಿಳಿಸಬೇಕಾದ ಇನ್ನೊಂದು ಸಂಗತಿಯಿದೆ. 2004ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ವಾರದ ಗುಳಿಗೆ ತೆಗೆದುಕೊಂಡವರ ಪೈಕಿ ಆರು ತಿಂಗಳ ಕೊನೆಗೆ ನೂರಕ್ಕೆ 90ರಷ್ಟು ಜನ ಬಾಧೆಯಿಲ್ಲದೆ ಇದ್ದರು. ಗುಳಿಗೆ ನಿಂತ ಮೇಲೆ, ವರ್ಷ ತುಂಬುವ ಹೊತ್ತಿಗೆ ಹಾಗೆಯೇ ಉಳಿದವರು ನೂರಕ್ಕೆ 43 ಮಂದಿ. ಮರಳಿ ಬಂದಲ್ಲಿ ಮೂರು ಗುಳಿಗೆಗಳಿಂದ ತೊಡಗಿ ಅದೇ ಕ್ರಮವನ್ನು ಪುನಃ ಹಿಡಿಯುವರು.