ಕಿಡಿಯಿಲ್ಲದ ಯಂತ್ರವು ಹೊತ್ತಿಕೊಳ್ಳದಾಗ

ಪೆಟ್ರೋಲ್ ಕಾರಿನ ರೋಗಲಕ್ಷಣಗಳಲ್ಲಿ ಪಳಗಿದವರು, ಸ್ಟಾರ್ಟ್ ಆಗಲೊಲ್ಲದ ಡೀಸೆಲ್ ಕಾರಿನ ಬಾನೆಟ್ಟನ್ನು ಎತ್ತಿದೊಡನೆ ಅರಸುವುದು ಸ್ಪಾರ್ಕ್ ಪ್ಲಗ್ಗನ್ನು. ಅದಾದರೋ ಅಲ್ಲಿ ಇರುವುದೇ ಇಲ್ಲ. 1858ರಲ್ಲಿ ಪ್ಯಾರಿಸಿನಲ್ಲಿ ಜನಿಸಿದ ಜರ್ಮನ್ ಎಂಜಿನಿಯರ್ ರುಡಾಲ್ಫ್ ಡೀಸೆಲ್, ಹಲವು ವರ್ಷಗಳ ಪರಿಶ್ರಮದ ತರುವಾಯ 1897ರಲ್ಲಿ ಆಗ್ಸ್‌ಬರ್ಗ್ ನಗರದಲ್ಲಿ ನಡೆಸಿ ತೋರಿದ ಯಂತ್ರದ ವೈಶಿಷ್ಟ್ಯವೇ ಕಿಡಿಯ ಹಂಗನ್ನು ತೊರೆದದ್ದು. ಸಿಲಿಂಡರಿನೊಳಕ್ಕೆ ಬರುವುದು ಬರಿಯ ಗಾಳಿ. ಪಿಸ್ಟನ್ ಮೇಲೇರಿ ಆ ಗಾಳಿಯನ್ನು ಅದರ ಮೊದಲಿನ ಗಾತ್ರದ 16ರಿಂದ 22ರಲ್ಲೊಂದು ಪಾಲಿಗೆ ಅದುಮಿದಾಗ ಅದರ ಉಷ್ಣತೆ 500 ಡಿಗ್ರಿ ಸೆಲ್ಸಿಯಸ್ಸನ್ನು ಮೀರುವುದು. 250 ಡಿಗ್ರಿಯ ಆಸುಪಾಸಿನಲ್ಲೇ ಹೊತ್ತಿಕೊಳ್ಳಬಲ್ಲ ಡೀಸೆಲ್, ಆ ಕ್ಷಣದಲ್ಲಿ ನಾಜಲಿನಿಂದ ತುಂತುರಾಗಿ ಚಿಮ್ಮಿ, ಯಾರೂ ಕಡ್ಡಿ ಗೀರದೆಯೇ ಉರಿಯುವುದು.

ಆದಕಾರಣ ಇಂಥ ಎಂಜಿನ್ನಿನ ವಿಷಯದಲ್ಲಿ ಮೂಲಭೂತ ಪ್ರಶ್ನೆಗಳು ಎರಡೇ: ಒಳಗೆ ಕಾವು ಹುಟ್ಟುತ್ತಿದೆಯೆ, ಡೀಸೆಲ್ ಬರುತ್ತಿದೆಯೆ? ಸ್ಪ್ಯಾನರಿಗೆ ಕೈ ಹಾಕುವ ಮೊದಲು ಇನ್ನೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ, ತಾವು ಸೈಲೆನ್ಸರಿನ ಕಡೆ ನಿಂತು ನೋಡುವುದು ಉಚಿತ. ಬಿಳಿಯ ಹೊಗೆ ದಟ್ಟವಾಗಿ ಬಂದರೆ ಅದು ಬಹುಮಟ್ಟಿಗೆ ಉರಿಯದೆ ಹೊರಬಿದ್ದ ಡೀಸೆಲ್; ಕೊರತೆ ಇರುವುದು ಕಾವಿನಲ್ಲಿ. ಏನೂ ಬಾರದಿದ್ದರೆ ಡೀಸೆಲ್ ಸಿಲಿಂಡರನ್ನು ತಲಪಿಯೇ ಇಲ್ಲ. ಕಾಸು ಖರ್ಚಿಲ್ಲದ ಈ ಸಾಕ್ಷ್ಯವನ್ನು ಕಡೆಗಣಿಸಿ ಮೊದಲೇ ಪಂಪನ್ನು ಬಿಚ್ಚಿ ಹರಡಿಕೊಳ್ಳುವವರ ಬಗ್ಗೆ ನನಗೆ ಹೆಚ್ಚಿನ ಗೌರವವಿಲ್ಲ.

ಕಾವಿನ ಕೊರತೆಯಲ್ಲಿ ಮೊದಲ ಆಪಾದಿತ ಬ್ಯಾಟರಿ. ಎಂಜಿನ್ ನಿಧಾನವಾಗಿ ತಿರುಗಿದಷ್ಟೂ, ಅದುಮಿದ ಗಾಳಿಗೆ ತನ್ನ ಕಾವನ್ನು ತಣ್ಣಗಿನ ಲೋಹದ ಗೋಡೆಗೆ ಬಿಟ್ಟುಕೊಡಲು, ಪಿಸ್ಟನ್ ರಿಂಗುಗಳ ಸಂದಿನಲ್ಲಿ ಸೋರಿಹೋಗಲು ಸಾವಕಾಶ ದೊರೆಯುವುದು. ದೀಪ ಉರಿಯುತ್ತಿದೆ, ಹಾರನ್ ಕೂಗುತ್ತಿದೆ ಎಂಬುದು ಬ್ಯಾಟರಿಯ ಆರೋಗ್ಯಕ್ಕೆ ಪ್ರಮಾಣವಲ್ಲ. ಸೆಲ್ಫ್ ಹೊಡೆಯುವಾಗ ವೋಲ್ಟೇಜು 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿಯನ್ನೋ, ಬೂಷ್ಟು ಕಟ್ಟಿದ ಟರ್ಮಿನಲ್ಲನ್ನೋ ಶಂಕಿಸತಕ್ಕದ್ದು. ಎರಡನೆಯದು ಹೀಟರ್ ಪ್ಲಗ್ಗು; ಕೀಲಿ ತಿರುಗಿಸಿದೊಡನೆ ಇದರ ತುದಿ ಕೆಲವೇ ಸೆಕೆಂಡುಗಳಲ್ಲಿ 800 ಡಿಗ್ರಿಯವರೆಗೆ ಕಾಯಬೇಕು. ನಾಲ್ಕರಲ್ಲಿ ಎರಡು ಸತ್ತಿದ್ದರೂ ಬೇಸಗೆಯಲ್ಲಿ ಸುಳಿವು ಸಿಗದು, ಮಡಿಕೇರಿಯ ಮಾಗಿಯ ಮುಂಜಾನೆಯಲ್ಲಿ ಮಾತ್ರ ಗುಟ್ಟು ಬಯಲಾಗುವುದು. ಇಂಥ ವೇಳೆ ಗಾಳಿಯ ಕೊಳವೆಗೆ ಈಥರ್ ಸಿಂಪಡಿಸುವ ಸಲಹೆ ಕೊಡುವವರುಂಟು. ಕಾದ ಪ್ಲಗ್ಗಿಗೆ ತಗುಲಿದ ಈಥರ್ ಅಕಾಲದಲ್ಲಿ ಸ್ಫೋಟಿಸಿ ಪಿಸ್ಟನ್ನನ್ನೇ ಒಡೆಯಬಲ್ಲದು.

ಡೀಸೆಲ್ ಬಾರದಿರುವ ಪ್ರಕರಣಗಳಲ್ಲಿ ನನಗೆ ಅತ್ಯಂತ ಸ್ವಾರಸ್ಯವಾಗಿ ತೋರುವುದು ಮೆಕ್ಯಾನಿಕ್ಕುಗಳು 'ಏರ್ ಹಿಡಿದಿದೆ' ಎಂದು ಹೇಳುವ ತೊಂದರೆ. ಟ್ಯಾಂಕು ಪೂರ್ತಿ ಬರಿದಾದಾಗ, ಫಿಲ್ಟರ್ ಬದಲಿಸಿದಾಗ, ಅಥವಾ ರಬ್ಬರ್ ಪೈಪು ಕಣ್ಣಿಗೆ ಕಾಣದಷ್ಟು ಸೀಳಿದಾಗ ಗಾಳಿ ಒಳನುಸುಳುತ್ತದೆ. ಹಳೆಯ ಮಾದರಿಯ ನಾಜಲ್ ಬಾಯಿ ತೆರೆಯಬೇಕಾದರೆ ವಾಯುಮಂಡಲದ ಒತ್ತಡದ ನೂರು ಪಟ್ಟಿಗೂ ಮಿಕ್ಕ ಒತ್ತಡ ಬೇಕು. ದ್ರವವು ಆ ಒತ್ತಡವನ್ನು ನಿಷ್ಠೆಯಿಂದ ಮುಟ್ಟಿಸುವುದು, ಗಾಳಿಯಾದರೋ ತಾನು ಕುಗ್ಗಿ, ಮತ್ತೆ ಹಿಗ್ಗಿ, ಪಂಪಿನ ಶ್ರಮವನ್ನೆಲ್ಲ ನುಂಗಿಬಿಡುವುದು. ಪರಿಹಾರ ಸುಲಭ. ಫಿಲ್ಟರಿನ ತಲೆಯ ಮೇಲಿನ ಸ್ಕ್ರೂವನ್ನು ಒಂದೆರಡು ಸುತ್ತು ಸಡಿಲಿಸಿ, ಪಕ್ಕದ ಕೈಪಂಪನ್ನು ಒತ್ತುತ್ತಿದ್ದರೆ ಮೊದಲು ಬುಸುಬುಸು ಶಬ್ದ, ಆಮೇಲೆ ನೊರೆ, ಅನಂತರ ಗುಳ್ಳೆಗಳಿಂದ ಕೂಡಿದ ಡೀಸೆಲ್, ಕಟ್ಟಕಡೆಗೆ ಗುಳ್ಳೆಯೊಂದೂ ಇಲ್ಲದ ತಿಳಿಯಾದ ಧಾರೆ ಹೊರಡುವುದು. ಧಾರೆ ಹರಿಯುತ್ತಿರುವಾಗಲೇ ಸ್ಕ್ರೂ ಬಿಗಿಯಬೇಕು, ನಿಂತ ಮೇಲೆ ಬಿಗಿದರೆ ಗಾಳಿ ಮರಳುವುದು. ಇಷ್ಟಾದರೂ ಫಲ ಕಾಣದಿದ್ದರೆ ಪಂಪಿನ ಸೊಲೆನಾಯ್ಡಿಗೆ ಕಿವಿಗೊಡಬೇಕು: ಕೀಲಿ ತಿರುಗಿಸಿದಾಗ ಅದು 'ಟಕ್' ಎನ್ನದಿದ್ದರೆ ಡೀಸೆಲಿನ ದಾರಿ ಮುಚ್ಚಿಯೇ ಇದೆ. ಚಳಿಗೆ ಡೀಸೆಲಿನ ಮೇಣ ಹೆಪ್ಪುಗಟ್ಟಿ ಫಿಲ್ಟರ್ ಕಟ್ಟಿಕೊಳ್ಳುವ ಭಯ ನಮ್ಮ ನಾಡಿನವರಿಗಿಲ್ಲ. ಅದು ಲಡಾಖಿನಂಥ ಸೀಮೆಯ ಸಂಕಟ.

ಕಾಮನ್ ರೈಲ್ ಎಂಬ ಹೊಸ ವ್ಯವಸ್ಥೆಯ ಕಾರುಗಳಲ್ಲಿ ಹಳೆಯ ಕೈಚಳಕವೇ ಅಪಾಯಕಾರಿ. ಸೆಲ್ಫ್ ಹೊಡೆಯುತ್ತ ನಾಜಲ್ ಪೈಪಿನ ನಟ್ಟನ್ನು ಸಡಿಲಿಸಿ ಡೀಸೆಲ್ ಬರುವುದೋ ಎಂದು ನೋಡುವ ರೂಢಿಯನ್ನು ಇಲ್ಲಿ ಅನುಸರಿಸಿದರೆ, ಓಡುವ ಎಂಜಿನ್ನಿನಲ್ಲಿ 1600 ಬಾರ್ ಮುಟ್ಟುವ ಆ ಒತ್ತಡದಿಂದ ಚಿಮ್ಮಿದ ಎಳೆ ಚರ್ಮವನ್ನು ಭೇದಿಸಿ ಮಾಂಸದೊಳಕ್ಕೆ ಇಳಿಯುವುದು. ಈ ವ್ಯವಸ್ಥೆಯಲ್ಲಿ ರೈಲಿನ, ಎಂದರೆ ನಾಜಲ್ಲುಗಳಿಗೆಲ್ಲ ಡೀಸೆಲ್ ಹಂಚುವ ಕೊಳವೆಯ, ಒತ್ತಡ ನಿರ್ದಿಷ್ಟ ಮಟ್ಟಕ್ಕೆ ಏರುವ ತನಕ ಕಂಪ್ಯೂಟರು ನಾಜಲ್ಲುಗಳಿಗೆ ಅಪ್ಪಣೆ ಕೊಡದು. ಸವೆದ ನಾಜಲ್ಲೊಂದು ಡೀಸೆಲನ್ನು ಹಿಂದಿರುಗುವ ಪೈಪಿಗೆ ಸೋರಿಸುತ್ತಿದ್ದರೆ ಆ ಮಟ್ಟ ಎಂದಿಗೂ ಬಾರದು. ಪ್ರತಿಯೊಂದು ನಾಜಲಿನ ಹಿಂದಿರುಗುವ ಕೊಳವೆಗೂ ಒಂದೊಂದು ಸಣ್ಣ ಬಾಟಲಿ ಕಟ್ಟಿ ಸ್ವಲ್ಪ ಹೊತ್ತು ಸೆಲ್ಫ್ ಹೊಡೆದರೆ, ಉಳಿದವುಗಳಲ್ಲಿ ತಳ ಮುಚ್ಚುವಷ್ಟರಲ್ಲಿ ಯಾವ ಬಾಟಲಿ ಅರ್ಧ ತುಂಬಿತೋ ಆ ನಾಜಲನ್ನೇ ಬಿಚ್ಚಿ ಪಂಪಿನ ಅಂಗಡಿಗೆ ಕಳುಹಿಸತಕ್ಕದ್ದು.